ಇಂಗ್ಲಿಷಿನ ಭೂತರೂಪ ಎಲ್ಲ ಕಡೆಯೂ ಭೂತಕಾಲವಲ್ಲ: ಇಫ್, ವುಡ್, ಹ್ಯಾಡ್ ಸರಿಯಾಗಿ ಬಳಸುವುದು ಹೇಗೆ

‘ಮಳೆ ಬಂದರೆ ನಾನು ಹೊರಡುವುದಿಲ್ಲ’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯಲು ಕೂತವರ ಕೈ ಎಷ್ಟೋ ಸಲ ತಾನಾಗಿಯೇ "ಇಫ್ ಇಟ್ ರೇನ್ಡ್, ಐ ವಿಲ್ ನಾಟ್ ಗೋ" ಎಂದು ಬರೆದುಬಿಡುತ್ತದೆ. ಇದಕ್ಕೆ ಅಜಾಗರೂಕತೆ ಕಾರಣವಲ್ಲ. ಕನ್ನಡದ ‘ಬಂದರೆ’ ಒಳಗೆ ಕೂತಿರುವುದು ‘ಬಂದ’ ಎಂಬ ಭೂತರೂಪ. ‘ಹೋದರೆ’, ‘ಮಾಡಿದರೆ’, ‘ಕೇಳಿದರೆ’ ಎಲ್ಲವೂ ಹಾಗೆಯೇ. ನಾಳೆಯ ವಿಷಯವಾದರೂ ಕನ್ನಡ ತನ್ನ ಷರತ್ತನ್ನು ಭೂತರೂಪದ ಮೇಲೆಯೇ ಕಟ್ಟುತ್ತದೆ. ಇಂಗ್ಲಿಷ್ ಅದೇ ಜಾಗದಲ್ಲಿ ವರ್ತಮಾನ ರೂಪವನ್ನು ಕೇಳುತ್ತದೆ: "ಇಫ್ ಇಟ್ ರೇನ್ಸ್, ಐ ವಿಲ್ ನಾಟ್ ಗೋ." ಭೂತರೂಪವನ್ನು ಅದು ಬೇರೊಂದು ಕೆಲಸಕ್ಕೆ ಎತ್ತಿಟ್ಟುಕೊಂಡಿದೆ. ಆ ಕೆಲಸ ಯಾವುದೆಂದು ತಿಳಿದರೆ ಝೀರೋ, ಫಸ್ಟ್, ಸೆಕೆಂಡ್, ಥರ್ಡ್ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ ನಾಲ್ಕು ಕಂಡೀಷನಲ್‌ಗಳು, ಅಂದರೆ ಷರತ್ತಿನ ವಾಕ್ಯಮಾದರಿಗಳು, ಬೇರೆಬೇರೆ ನಿಯಮಗಳಾಗಿ ಕಾಣುವುದಿಲ್ಲ.

ಭೂತರೂಪ ಎಂದರೆ ಒಂದು ಹೆಜ್ಜೆ ದೂರ

ರೂಪದ ಲೆಕ್ಕದಲ್ಲಿ ಇಂಗ್ಲಿಷ್ ಕ್ರಿಯಾಪದಕ್ಕೆ ಎರಡೇ ಕಾಲ: ‘ಗೋಸ್’ ಮತ್ತು ‘ವೆಂಟ್’. ಭವಿಷ್ಯತ್ತಿಗೆ ಅದರದ್ದೇ ಪ್ರತ್ಯಯವಿಲ್ಲ, ‘ವಿಲ್’ ಮುಂತಾದ ಸಹಾಯಕ ಪದಗಳಿಂದ ಅದನ್ನು ನಿಭಾಯಿಸುತ್ತಾರೆ. ಇರುವ ಒಂದೇ ಭೂತರೂಪಕ್ಕೆ ಮೂರು ಕೆಲಸ. "ಐ ವೆಂಟ್ ದೇರ್ ಇನ್ 2019" ಎಂದಾಗ ಅದು ಕಳೆದುಹೋದ ಕಾಲವನ್ನು ಹೇಳುತ್ತದೆ. "ಇಫ್ ಐ ಹ್ಯಾಡ್ ಎ ಕಾರ್, ಐ ವುಡ್ ಡ್ರೈವ್" ಎಂದಾಗ ಮಾತು ಈ ಹೊತ್ತಿನದು. ಕಾರು ಈಗ ಇಲ್ಲ ಎಂಬುದನ್ನು ‘ಹ್ಯಾಡ್’ ಹೇಳುತ್ತಿದೆ. "ಐ ವಾಂಟೆಡ್ ಟು ಆಸ್ಕ್ ಯು ಸಮ್‌ಥಿಂಗ್" ಎಂದಾಗಲೂ ಕೇಳುವ ಆಸೆ ಈಗಿನದೇ, ಭೂತರೂಪ ಬಂದಿರುವುದು ಮಾತನ್ನು ಮೆದುಗೊಳಿಸಲು.

ಮೂರಕ್ಕೂ ಸಾಮಾನ್ಯವಾದದ್ದು ದೂರ. ಮೊದಲನೆಯದರಲ್ಲಿ ಈ ಹೊತ್ತಿನಿಂದ ದೂರ, ಎರಡನೆಯದರಲ್ಲಿ ವಾಸ್ತವದಿಂದ, ಮೂರನೆಯದರಲ್ಲಿ ಎದುರಿರುವವರಿಂದ. ‘ವುಡ್’, ‘ಕುಡ್’, ‘ಮೈಟ್’, ‘ಶುಡ್’ ಕೂಡ ಹುಟ್ಟಿನಲ್ಲಿ ‘ವಿಲ್’, ‘ಕ್ಯಾನ್’, ‘ಮೇ’, ‘ಶಲ್’ಗಳ ಭೂತರೂಪಗಳೇ. ಆದ್ದರಿಂದ ಸೆಕೆಂಡ್ ಕಂಡೀಷನಲ್ ಎನ್ನುವುದು ಬೇರೇನೂ ಅಲ್ಲ, ವಾಕ್ಯದ ಎರಡೂ ಭಾಗಗಳು ಒಟ್ಟಿಗೆ ಒಂದು ಹೆಜ್ಜೆ ಹಿಂದೆ ಸರಿದಿರುವ ವಾಕ್ಯ.

ವಿಷಯವೇ ನಿನ್ನೆಯದಾಗಿ, ಅದೂ ನಡೆಯದೇ ಹೋದದ್ದಾದರೆ? ಆಗ ಎರಡು ಹೆಜ್ಜೆ ಸರಿಯಬೇಕು, ಕಾಲಕ್ಕೊಂದು, ಅವಾಸ್ತವಕ್ಕೊಂದು. ‘ವೆಂಟ್’ಗಿಂತ ಹಿಂದಿನ ಒಂಟಿ ರೂಪ ಇಂಗ್ಲಿಷಿನಲ್ಲಿ ಇಲ್ಲ. ಹಾಗಾಗಿ ‘ಹ್ಯಾಡ್’ ಸೇರಿಸಿ ಕ್ರಿಯಾಪದದ ಮೂರನೇ ರೂಪವನ್ನು (‘ಗೋ, ವೆಂಟ್, ಗಾನ್’ ಸಾಲಿನ ಕೊನೆಯದನ್ನು) ತರುತ್ತಾರೆ: ‘ಹ್ಯಾಡ್ ಗಾನ್’. ‘ವುಡ್ ಗೋ’ ಕೂಡ ಹಿಂದೆ ಸರಿದು ‘ವುಡ್ ಹ್ಯಾವ್ ಗಾನ್’ ಆಗುತ್ತದೆ. ಇದೇ ಥರ್ಡ್ ಕಂಡೀಷನಲ್.

ಒಂದೇ ಘಟನೆಯನ್ನು ಮೂರು ದೂರಗಳಲ್ಲಿ ಇಟ್ಟು ನೋಡಿ.

"ಇಫ್ ಐ ಫೈಂಡ್ ದ ಕೀ, ಐ ವಿಲ್ ಓಪನ್ ದ ಡೋರ್." ಕೀಲಿ ಸಿಗಬಹುದು, ಹುಡುಕುತ್ತಿದ್ದೇನೆ.

"ಇಫ್ ಐ ಫೌಂಡ್ ದ ಕೀ, ಐ ವುಡ್ ಓಪನ್ ದ ಡೋರ್." ಸಿಗುವ ಭರವಸೆ ಇಲ್ಲ, ಸುಮ್ಮನೆ ಕಲ್ಪಿಸಿಕೊಳ್ಳುತ್ತಿದ್ದೇನೆ.

"ಇಫ್ ಐ ಹ್ಯಾಡ್ ಫೌಂಡ್ ದ ಕೀ, ಐ ವುಡ್ ಹ್ಯಾವ್ ಓಪನ್ಡ್ ದ ಡೋರ್." ಸಿಗಲಿಲ್ಲ, ಬಾಗಿಲು ತೆರೆಯಲಿಲ್ಲ, ಮುಗಿದ ಕತೆ.

ಮೊದಲ ಎರಡಕ್ಕೂ ಕಾಲ ಒಂದೇ ಎಂಬುದನ್ನು ಗಮನಿಸಬೇಕು. ಎರಡೂ ಇಂದಿನ ಅಥವಾ ಮುಂದಿನ ಮಾತು. ‘ಫೈಂಡ್’ ಮತ್ತು ‘ಫೌಂಡ್’ ನಡುವೆ ಬದಲಾದದ್ದು ಹೇಳುವವನಿಗೆ ಇರುವ ನಂಬಿಕೆ, ಅಷ್ಟೇ. ನೀರು 0 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಗಟ್ಟಿಯಾಗುತ್ತದೆ ಎಂಬಂಥ ಸದಾ ಸತ್ಯವಾದ ಮಾತಿಗೆ ಎರಡೂ ಕಡೆ ವರ್ತಮಾನ ಸಾಕು. ಅದನ್ನೇ ಝೀರೋ ಎನ್ನುತ್ತಾರೆ, ಅದರಲ್ಲಿ ತೊಡಕೂ ಕಡಿಮೆ.

ಕನ್ನಡ ಸುಮ್ಮನಿರುವ ಕಡೆ ಇಂಗ್ಲಿಷ್ ಹಟ ಹಿಡಿಯುತ್ತದೆ

‘ದುಡ್ಡಿದ್ದರೆ ಆ ಮನೆ ಕೊಳ್ಳುತ್ತಿದ್ದೆ.’ ಇದು ಇವತ್ತಿನ ಮಾತೋ, ಹೋದ ವರ್ಷದ ಮಾತೋ? ಕನ್ನಡದಲ್ಲಿ ಎರಡೂ ಆಗಬಹುದು, ಸಂದರ್ಭ ನೋಡಿಕೊಳ್ಳುತ್ತದೆ. ಇಂಗ್ಲಿಷ್ ಹಾಗೆ ಬಿಡುವುದಿಲ್ಲ. ಮನೆ ಈಗಲೂ ಮಾರಾಟಕ್ಕಿದ್ದು ಕೈ ಖಾಲಿಯಿದ್ದರೆ "ಇಫ್ ಐ ಹ್ಯಾಡ್ ಮನಿ, ಐ ವುಡ್ ಬೈ ದಟ್ ಹೌಸ್". ಹೋದ ವರ್ಷವೇ ಮನೆ ಬೇರೆಯವರ ಪಾಲಾಗಿದ್ದರೆ "ಇಫ್ ಐ ಹ್ಯಾಡ್ ಹ್ಯಾಡ್ ಮನಿ, ಐ ವುಡ್ ಹ್ಯಾವ್ ಬಾಟ್ ದಟ್ ಹೌಸ್". ಎರಡು ‘ಹ್ಯಾಡ್’ ಒಟ್ಟಿಗೆ ಬಂದಿರುವುದು ಮುದ್ರಣದೋಷದಂತೆ ಕಂಡರೂ ಸರಿಯೇ. ಮೊದಲನೆಯದು ಸಹಾಯಕ ಪದ, ಎರಡನೆಯದು ‘ಹ್ಯಾವ್’ ಎಂಬ ಮುಖ್ಯ ಕ್ರಿಯಾಪದದ ಮೂರನೇ ರೂಪ. ಒಂದನ್ನು ಅಳಿಸಿದರೆ ಕಾಲವೇ ಬದಲಾಗುತ್ತದೆ.

ಆದ್ದರಿಂದ ‘-ಇದ್ದರೆ … -ತ್ತಿದ್ದೆ’ ಮಾದರಿಯ ಕನ್ನಡ ವಾಕ್ಯ ಮನಸ್ಸಿಗೆ ಬಂದಾಗ, ಅನುವಾದಕ್ಕೆ ಮೊದಲು ಅದಕ್ಕೊಂದು ಕಾಲಸೂಚಿ ಅಂಟಿಸಿ ನೋಡಬೇಕು. ‘ಈಗ’ ಎಂಬುದು ಹೊಂದಿದರೆ ಒಂದು ಹೆಜ್ಜೆ, ‘ಆಗ’ ಎಂಬುದು ಹೊಂದಿದರೆ ಎರಡು. ಇಷ್ಟು ಮಾಡಿದರೆ ಥರ್ಡ್ ಕಂಡೀಷನಲ್‌ನ ಅರ್ಧ ತಪ್ಪುಗಳು ಹುಟ್ಟುವುದೇ ಇಲ್ಲ.

ಷರತ್ತಿಗೆ ಒಂದು ಕಾಲ, ಫಲಕ್ಕೆ ಇನ್ನೊಂದು ಕಾಲ ಇರುವುದೂ ಉಂಟು. ‘ಆಗ ವೈದ್ಯಕೀಯ ಓದಿದ್ದರೆ ಈಗ ಡಾಕ್ಟರ್ ಆಗಿರುತ್ತಿದ್ದೆ’ ಎಂಬುದರಲ್ಲಿ ಷರತ್ತು ಆಗಿನದು, ಫಲ ಈಗಿನದು. ಹಾಗಾಗಿ "ಇಫ್ ಐ ಹ್ಯಾಡ್ ಸ್ಟಡೀಡ್ ಮೆಡಿಸಿನ್, ಐ ವುಡ್ ಬಿ ಎ ಡಾಕ್ಟರ್ ನೌ". ತಿರುಗುಮುರುಗಾಗಿಯೂ ಬರುತ್ತದೆ: "ಇಫ್ ಐ ವರ್ ನಾಟ್ ಅಫ್ರೇಡ್ ಆಫ್ ಹೈಟ್ಸ್, ಐ ವುಡ್ ಹ್ಯಾವ್ ಕ್ಲೈಂಬ್ಡ್ ದ ಟವರ್". ಎತ್ತರದ ಹೆದರಿಕೆ ಇಂದಿಗೂ ಇದೆ, ಗೋಪುರ ಹತ್ತದೇ ಉಳಿದದ್ದು ಅಂದು. ಇದಕ್ಕೆ ‘ಮಿಕ್ಸ್ಡ್ ಕಂಡೀಷನಲ್’ ಎಂಬ ಹೆಸರಿಟ್ಟು ಕೊನೆಯ ಪಾಠವಾಗಿ ಕಲಿಸುವುದು ಏಕೋ ತಿಳಿಯದು. ಎರಡು ಭಾಗಗಳ ಕಾಲವನ್ನು ಬೇರೆಬೇರೆಯಾಗಿ ಕೇಳಿಕೊಳ್ಳುವ ಅಭ್ಯಾಸವಿದ್ದವರಿಗೆ ಇಲ್ಲಿ ಕಲಿಯಲು ಹೊಸದೇನೂ ಇಲ್ಲ.

"ಇಫ್ ಇಟ್ ರೇನ್ಡ್": ಒಂದು ತುಂಡು, ನಾಲ್ಕು ಅರ್ಥ

ಪಠ್ಯಪುಸ್ತಕಗಳು ಅವಸರದಲ್ಲಿ ದಾಟಿಹೋಗುವ ಜಾಗ ಇದು. ‘ಇಫ್’ ನಂತರ ಭೂತರೂಪ ಬಂದ ಕೂಡಲೇ ಸೆಕೆಂಡ್ ಕಂಡೀಷನಲ್ ಎಂದು ತೀರ್ಮಾನಿಸಿದರೆ ಓದಿದ್ದು ತಪ್ಪಾಗಿ ಅರ್ಥವಾಗುತ್ತದೆ. ಅರ್ಥವನ್ನು ಇತ್ಯರ್ಥ ಮಾಡುವುದು ವಾಕ್ಯದ ಇನ್ನೊಂದು ತುದಿ.

"ಇಫ್ ಇಟ್ ರೇನ್ಡ್, ವಿ ಪ್ಲೇಡ್ ಇಂಡೋರ್ಸ್." ಎರಡೂ ಕಡೆ ಸಾದಾ ಭೂತರೂಪ. ಇಲ್ಲಿ ಕಲ್ಪನೆ ಇಲ್ಲವೇ ಇಲ್ಲ. ಮಳೆ ಬಂದಾಗಲೆಲ್ಲ ಒಳಗೇ ಆಡುತ್ತಿದ್ದೆವು ಎಂಬ ಹಳೆಯ ರೂಢಿ.

"ಇಫ್ ಇಟ್ ರೇನ್ಡ್ ಲಾಸ್ಟ್ ನೈಟ್, ದ ರೋಡ್ ವಿಲ್ ಬಿ ವೆಟ್." ರಾತ್ರಿ ಮಳೆ ಬಂತೋ ಇಲ್ಲವೋ ನನಗೆ ಗೊತ್ತಿಲ್ಲ. ಬಂದಿರಲೂಬಹುದು. ಇದು ನಿಜವಾದ ಭೂತಕಾಲ, ಬಾಗಿಲು ತೆರೆದೇ ಇರುವ ಷರತ್ತು.

"ಇಫ್ ಇಟ್ ರೇನ್ಡ್ ಟುಮಾರೋ, ವಿ ವುಡ್ ಕ್ಯಾನ್ಸಲ್ ದ ಮ್ಯಾಚ್." ‘ಟುಮಾರೋ’ ಪಕ್ಕದಲ್ಲೇ ಭೂತರೂಪ. ಮಳೆ ಬರುವುದು ಅನುಮಾನ ಎಂಬ ಧ್ವನಿ.

"ಶಿ ಸೆಡ್ ದಟ್ ಇಫ್ ಇಟ್ ರೇನ್ಡ್, ಶಿ ವುಡ್ ಸ್ಟೇ ಹೋಮ್." ಅವಳು ಬಾಯಲ್ಲಿ ಆಡಿದ್ದು "ಇಫ್ ಇಟ್ ರೇನ್ಸ್, ಐ ವಿಲ್ ಸ್ಟೇ ಹೋಮ್" ಎಂದೇ ಇರಬಹುದು. ‘ಸೆಡ್’ ಹಿಂದೆ ಹೋದದ್ದರಿಂದ ಉಳಿದ ಕ್ರಿಯಾಪದಗಳೂ ಅದರ ಜೊತೆ ಹಿಂದೆ ಹೋಗಿವೆ. ಮಳೆಯ ಬಗ್ಗೆ ಅನುಮಾನವೇನೂ ಇಲ್ಲಿ ಸೇರಿಲ್ಲ.

ಎರಡನೆಯ ವಾಕ್ಯದ ಹತ್ತಿರ ಕನ್ನಡಿಗರು ಹೆಚ್ಚು ಎಡವುತ್ತಾರೆ. ‘ರಾತ್ರಿ ಮಳೆ ಬಂದಿದ್ದರೆ ರಸ್ತೆ ಒದ್ದೆಯಾಗಿರುತ್ತದೆ’, ‘ರಾತ್ರಿ ಮಳೆ ಬಂದಿದ್ದರೆ ರಸ್ತೆ ಒದ್ದೆಯಾಗಿರುತ್ತಿತ್ತು’ — ಎರಡರಲ್ಲೂ ಷರತ್ತು ‘ಬಂದಿದ್ದರೆ’ಯೇ, ಬದಲಾಗುವುದು ವಾಕ್ಯದ ಕೊನೆ ಮಾತ್ರ. ಇಂಗ್ಲಿಷಿನಲ್ಲಿ ಎರಡು ತುದಿಗಳೂ ಬದಲಾಗಬೇಕು. ‘ಒದ್ದೆಯಾಗಿರುತ್ತದೆ’ ಇದ್ದರೆ ‘ರೇನ್ಡ್ … ವಿಲ್ ಬಿ’, ‘ಒದ್ದೆಯಾಗಿರುತ್ತಿತ್ತು’ ಇದ್ದರೆ ‘ಹ್ಯಾಡ್ ರೇನ್ಡ್ … ವುಡ್ ಬಿ’. ಎರಡನ್ನೂ ಕಲಸಿ "ಇಫ್ ಇಟ್ ಹ್ಯಾಡ್ ರೇನ್ಡ್ ಲಾಸ್ಟ್ ನೈಟ್, ದ ರೋಡ್ ವಿಲ್ ಬಿ ವೆಟ್" ಎಂದರೆ ಓದುಗನಿಗೆ ಮಳೆ ಬಂದಿಲ್ಲ ಎಂದು ಒಂದು ಕಡೆ, ಬಂದಿರಬಹುದು ಎಂದು ಇನ್ನೊಂದು ಕಡೆ ಹೇಳಿದಂತಾಗುತ್ತದೆ.

ಬರೆಯುವಾಗ ಇದಕ್ಕೊಂದು ಉಪಾಯವಿದೆ: ಫಲದ ಭಾಗವನ್ನು ಮೊದಲು ಬರೆದುಕೊಳ್ಳಿ. ಅಲ್ಲಿ ‘ವಿಲ್’, ‘ಕ್ಯಾನ್’ ಅಥವಾ ಆಜ್ಞೆ ಇದ್ದರೆ ‘ಇಫ್’ ಕಡೆ ವರ್ತಮಾನ, ಹಿಂದೆ ಆಗಿರಬಹುದಾದ ಸಂಗತಿಗೆ ಮಾತ್ರ ಸಾದಾ ಭೂತ. ‘ವುಡ್’, ‘ಕುಡ್’, ‘ಮೈಟ್’ ಜೊತೆ ಮೂಲರೂಪ ಇದ್ದರೆ ‘ಇಫ್’ ಕಡೆ ಭೂತರೂಪ. ‘ವುಡ್ ಹ್ಯಾವ್’ ಇದ್ದರೆ ‘ಹ್ಯಾಡ್’ ಜೊತೆ ಮೂರನೇ ರೂಪ. ಕಾಲ ಬೇರೆಬೇರೆಯಾದ ವಾಕ್ಯಗಳಷ್ಟೇ ಇದರಿಂದ ತಪ್ಪಿಸಿಕೊಳ್ಳುತ್ತವೆ. ‘ಇಫ್’ ಭಾಗವನ್ನು ವಾಕ್ಯದ ಮೊದಲಿಗೆ ಇಟ್ಟರೆ ಅದರ ಕೊನೆಗೆ ಅಲ್ಪವಿರಾಮ ಬೇಕು, ಕೊನೆಗೆ ಇಟ್ಟರೆ ಸಾಮಾನ್ಯವಾಗಿ ಬೇಡ.

‘ಇಫ್’ ಪಕ್ಕದಲ್ಲಿ ‘ವಿಲ್’, ‘ವುಡ್’

ಭವಿಷ್ಯದ ಮಾತೆಂದು ‘ಇಫ್ ಹಿ ವಿಲ್ ಕಮ್’ ಎನ್ನುವುದು, ಕಲ್ಪನೆಯ ಮಾತೆಂದು ‘ಇಫ್ ಐ ವುಡ್ ನೋ’ ಎನ್ನುವುದು ಎರಡೂ ತಪ್ಪು. ಷರತ್ತಿನ ಭಾಗದಲ್ಲಿ ಭವಿಷ್ಯವನ್ನು ಹೇಳುವ ಹೊಣೆ ವರ್ತಮಾನ ರೂಪದ್ದು. ಇದು ‘ಇಫ್’ಗೆ ಮಾತ್ರ ಸೀಮಿತವೂ ಅಲ್ಲ. ‘ವೆನ್’, ‘ಅಂಟಿಲ್’, ‘ಬಿಫೋರ್’, ‘ಆಫ್ಟರ್’, ‘ಆ್ಯಸ್ ಸೂನ್ ಆ್ಯಸ್’, ‘ಅನ್‌ಲೆಸ್’ ಇವುಗಳ ನಂತರವೂ ಇದೇ ಕಟ್ಟಳೆ: "ಕಾಲ್ ಮಿ ವೆನ್ ಯು ರೀಚ್". ‘ವೆನ್ ಯು ವಿಲ್ ರೀಚ್’ ಅಲ್ಲ.

ಆದರೆ "ಐ ಡೋಂಟ್ ನೋ ಇಫ್ ಹಿ ವಿಲ್ ಕಮ್" ಸರಿಯಾದ ವಾಕ್ಯ. ಇಲ್ಲಿ ‘ಇಫ್’ ಷರತ್ತನ್ನು ಹೇಳುತ್ತಿಲ್ಲ, ಪ್ರಶ್ನೆಯನ್ನು ಹೊತ್ತಿದೆ. ಕನ್ನಡ ಇವೆರಡನ್ನು ಬಹಳ ಸ್ಪಷ್ಟವಾಗಿ ಬೇರೆ ಮಾಡುತ್ತದೆ. ‘ಬಂದರೆ’ ಎನ್ನಲು ಸಾಧ್ಯವಾದರೆ ಷರತ್ತು, ‘ಬರುತ್ತಾನೋ ಇಲ್ಲವೋ’ ಎನ್ನಬೇಕಾದರೆ ಪ್ರಶ್ನೆ. ಪ್ರಶ್ನೆಯಾದರೆ ‘ಇಫ್’ ಜಾಗದಲ್ಲಿ ‘ವೆದರ್’ ಇಟ್ಟರೂ ವಾಕ್ಯ ನಿಲ್ಲುತ್ತದೆ, ‘ವಿಲ್’ಗೂ ಅಡ್ಡಿಯಿಲ್ಲ.

ನಿಜವಾದ ಷರತ್ತಿನಲ್ಲೂ ‘ವಿಲ್’, ‘ವುಡ್’ ಬರುವ ಒಂದೆರಡು ಸಂದರ್ಭಗಳಿವೆ. ಅಲ್ಲಿ ಅವು ಕಾಲವನ್ನು ಹೇಳದೆ ಮನಸ್ಸನ್ನು ಹೇಳುತ್ತವೆ. "ಇಫ್ ಯು ವುಡ್ ವೇಟ್ ಹಿಯರ್ ಎ ಮೊಮೆಂಟ್, ಐ ವಿಲ್ ಕಾಲ್ ಹರ್" ಎಂಬುದು ‘ದಯವಿಟ್ಟು ಸ್ವಲ್ಪ ಕಾಯುವಿರಾದರೆ’ ಎಂಬ ವಿನಯ. "ಇಫ್ ಯು ವಿಲ್ ಕೀಪ್ ದ ವಿಂಡೋ ಓಪನ್, ಆಫ್ ಕೋರ್ಸ್ ಯು ವಿಲ್ ಫೀಲ್ ಕೋಲ್ಡ್" ಎಂದು ‘ವಿಲ್’ ಮೇಲೆ ಒತ್ತು ಹಾಕಿದರೆ, ಹಟ ಹಿಡಿದು ಕಿಟಕಿ ತೆರೆದಿಟ್ಟವರ ಮೇಲಿನ ಸಿಡಿಮಿಡಿ. ಅಮೆರಿಕನ್ನರ ಆಡುಮಾತಿನಲ್ಲಿ "ಇಫ್ ಐ ವುಡ್ ಹ್ಯಾವ್ ನೋನ್" ಕಿವಿಗೆ ಬೀಳುತ್ತದೆ. ಪರೀಕ್ಷೆಯಲ್ಲಾಗಲಿ, ಅಚ್ಚಿಗೆ ಹೋಗುವ ಬರಹದಲ್ಲಾಗಲಿ ಅದು ನಡೆಯದು, "ಇಫ್ ಐ ಹ್ಯಾಡ್ ನೋನ್" ಎಂದೇ ಬರೆಯಬೇಕು.

‘ವುಡ್’ ಬಗ್ಗೆ ಇನ್ನೊಂದು ಮಾತು. ವಿನಯ ತೋರಲು "ಐ ವುಡ್ ಬಿ ಕಮಿಂಗ್ ಟುಮಾರೋ" ಎಂದು ಬರೆಯುವ ಚಾಳಿ ಕಚೇರಿಯ ಮೇಲ್‌ಗಳಲ್ಲಿ ಬೇರೂರಿದೆ. ಬರುವುದು ಖಚಿತವಾಗಿದ್ದರೆ "ಐ ವಿಲ್ ಬಿ ಕಮಿಂಗ್" ಅಥವಾ "ಐ ಆ್ಯಮ್ ಕಮಿಂಗ್" ಎನ್ನಬೇಕು. ‘ವುಡ್’ ಕಂಡ ಓದುಗ ‘ಆದರೆ…’ ಎಂಬ ಮುಂದಿನ ಮಾತಿಗೆ ಕಾಯುತ್ತಾನೆ.

‘ವಾಸ್’ ಇರುವ ಕಡೆ ‘ವರ್’

"ಇಫ್ ಐ ವರ್ ಯು", "ಇಫ್ ಶಿ ವರ್ ಹಿಯರ್" ಎಂಬಲ್ಲಿ ಒಬ್ಬರಿಗೂ ‘ವರ್’ ಬರುವುದು ಹಳೆಯ ಇಂಗ್ಲಿಷಿನ ಸಬ್‌ಜಂಕ್ಟಿವ್ ಎಂಬ ಬೇರೆ ರೂಪದ ಪಳೆಯುಳಿಕೆ. ಉಳಿದ ಕ್ರಿಯಾಪದಗಳಲ್ಲಿ ಆ ರೂಪವೂ ಸಾದಾ ಭೂತರೂಪವೂ ಒಂದೇ ಆಗಿಹೋಗಿ ಕಣ್ಣಿಗೆ ಕಾಣದಂತಾಗಿವೆ. ಮಾತಿನಲ್ಲಿ "ಇಫ್ ಐ ವಾಸ್" ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಬರಹದಲ್ಲಿ ‘ವರ್’ ಕ್ಷೇಮ, "ಇಫ್ ಐ ವರ್ ಯು" ಎಂಬ ನುಡಿಗಟ್ಟಿನಲ್ಲಂತೂ ಅದನ್ನೇ ಬಳಸಬೇಕು.

ನಿಯಮ ಕಲಿತ ಉತ್ಸಾಹದಲ್ಲಿ ‘ಇಫ್’ ಕಂಡಲ್ಲೆಲ್ಲ ‘ವರ್’ ಹಾಕುವುದೂ ತಪ್ಪೇ. "ಇಫ್ ಹಿ ವಾಸ್ ಅಟ್ ದ ಮೀಟಿಂಗ್ ಯೆಸ್ಟರ್ಡೇ, ಹಿ ಹರ್ಡ್ ದ ನ್ಯೂಸ್." ಅವನು ಸಭೆಯಲ್ಲಿ ಇದ್ದಿರಲೂಬಹುದು, ನನಗೆ ಗೊತ್ತಿಲ್ಲ. ಇಲ್ಲಿ ಕಲ್ಪನೆ ಇಲ್ಲದ್ದರಿಂದ ‘ವಾಸ್’ ಒಂದೇ ಸರಿ.

‘ನಿನ್ನೆ ಹೋಗಿದ್ದೆ’ ಮತ್ತು ಬೇಡದ ‘ಹ್ಯಾಡ್’

ಕನ್ನಡದಲ್ಲಿ ‘ನಿನ್ನೆ ಬ್ಯಾಂಕಿಗೆ ಹೋಗಿದ್ದೆ’ ಎನ್ನುವುದು ಎಷ್ಟು ಸಹಜವೋ ಇಂಗ್ಲಿಷಿನಲ್ಲಿ "ಐ ಹ್ಯಾಡ್ ಗಾನ್ ಟು ದ ಬ್ಯಾಂಕ್ ಯೆಸ್ಟರ್ಡೇ" ಎಂಬುದು ಅಷ್ಟೇ ಅಪೂರ್ಣ. ಹೋಗಿ ಬಂದದ್ದಾಯಿತು, ಆ ಪ್ರಸಂಗ ಮುಗಿಯಿತು ಎನ್ನಲು ಕನ್ನಡ ‘-ಇದ್ದೆ’ ಸೇರಿಸುತ್ತದೆ. ಇಂಗ್ಲಿಷಿನ ‘ಹ್ಯಾಡ್ ಗಾನ್’ಗೆ ಮಾತ್ರ ಹೋಲಿಸಲು ಹಿಂದಿನದೇ ಇನ್ನೊಂದು ಘಟನೆ ಬೇಕು. ಅದು ಹೇಳುವುದು ‘ಅದಕ್ಕೂ ಮೊದಲು’ ಎಂಬುದನ್ನು. ಯಾವುದಕ್ಕೆ ಮೊದಲು ಎಂಬುದಕ್ಕೆ ಉತ್ತರವಿಲ್ಲದಿದ್ದರೆ "ಐ ವೆಂಟ್ ಟು ದ ಬ್ಯಾಂಕ್ ಯೆಸ್ಟರ್ಡೇ" ಸಾಕು.

ಅದು ಬೇಕೇಬೇಕಾದ ಜಾಗ ಹೀಗಿರುತ್ತದೆ. "ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೇನ್ ಲೆಫ್ಟ್" ಎಂದರೆ ನಾನು ತಲುಪಿದ ಹೊತ್ತಿಗೇ ರೈಲು ಹೊರಟಿತು. "ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೇನ್ ಹ್ಯಾಡ್ ಲೆಫ್ಟ್" ಎಂದರೆ ತಲುಪುವ ಮೊದಲೇ ಹೋಗಿಬಿಟ್ಟಿತ್ತು. ಮೊದಲನೆಯದರಲ್ಲಿ ಓಡಿ ಹತ್ತುವ ಆಸೆಯಾದರೂ ಇದೆ. ‘ಬಿಫೋರ್’, ‘ಆಫ್ಟರ್’ ಇದ್ದಾಗ ಯಾವುದು ಮೊದಲು ಎಂಬುದು ಆ ಪದಗಳಿಂದಲೇ ತಿಳಿಯುವುದರಿಂದ ‘ಹ್ಯಾಡ್’ ಹಾಕಿದರೂ ಆಯಿತು, ಬಿಟ್ಟರೂ ಆಯಿತು. ನಡೆದ ಕ್ರಮದಲ್ಲೇ ಕತೆ ಹೇಳುತ್ತಿದ್ದರೆ ಸಾದಾ ಭೂತರೂಪಗಳ ಸಾಲು ಸಾಕು, ಪ್ರತಿ ವಾಕ್ಯಕ್ಕೂ ‘ಹ್ಯಾಡ್’ ತುರುಕಿದರೆ ಓದುಗನಿಗೆ ಯಾವುದರ ಹಿಂದೆ ಯಾವುದು ಎಂಬುದೇ ತಪ್ಪಿಹೋಗುತ್ತದೆ.

‘ಹ್ಯಾವ್ ಗಾನ್’, ‘ವೆಂಟ್’ ಇವುಗಳ ನಡುವಿನ ಗೊಂದಲಕ್ಕೆ ಕನ್ನಡವೇ ಒಳ್ಳೆಯ ಅಳತೆಗೋಲು ಕೊಡುತ್ತದೆ. ವಾಕ್ಯವನ್ನು ನಿಷೇಧಕ್ಕೆ ತಿರುಗಿಸಿ ನೋಡಿ. ‘ಇನ್ನೂ ಮಾಡಿಲ್ಲ’ ಎಂದು ಬಂದರೆ ‘ಹ್ಯಾವಂಟ್ ಡನ್’. ‘ನಿನ್ನೆ ಮಾಡಲಿಲ್ಲ’ ಎಂದು ಬಂದರೆ ‘ಡಿಡಂಟ್ ಡೂ’. ಆಡುಮಾತಿನಲ್ಲಿ ಇವು ಅಲ್ಲಲ್ಲಿ ಬೆರೆಯುತ್ತವೆ, ಆದರೂ ಎಚ್ಚರದಿಂದ ಕೇಳಿಸಿಕೊಂಡರೆ ಹೆಚ್ಚಿನ ಕಡೆ ಈ ಪರೀಕ್ಷೆ ಕೈಕೊಡುವುದಿಲ್ಲ. ‘ಯೆಸ್ಟರ್ಡೇ’, ‘ಇನ್ 2015’, ‘ಟೂ ಡೇಸ್ ಅಗೋ’ ಎಂಬಂಥ ಮುಗಿದ ಕಾಲದ ಗುರುತು ಇದ್ದರೆ ‘ಹ್ಯಾವ್’ ಜೊತೆಗಿನ ಮೂರನೇ ರೂಪ ಬರಲೇಬಾರದು.

‘ಡಿಡ್’ ಬಂದ ಮೇಲೆ ಕ್ರಿಯಾಪದ ಮೂಲರೂಪಕ್ಕೆ ಮರಳುತ್ತದೆ: "ಡಿಡ್ ಯು ಗೋ", "ಹಿ ಡಿಡಂಟ್ ಕಮ್". ಭೂತಕಾಲದ ಗುರುತನ್ನು ‘ಡಿಡ್’ ಒಮ್ಮೆ ಹೊತ್ತಾಯಿತು, ‘ಡಿಡ್ ಯು ವೆಂಟ್’ ಎಂದು ಎರಡನೇ ಸಲ ಹೊರಿಸಬಾರದು. ಇದೇ ತತ್ತ್ವ ‘ವುಡ್’ ನಂತರವೂ ಅನ್ವಯಿಸುತ್ತದೆ. ‘ವುಡ್ ಕೇಮ್’ ಇಲ್ಲ, ‘ವುಡ್ ಹ್ಯಾಡ್ ಗಾನ್’ ಇಲ್ಲ, ಏಕವಚನಕ್ಕೆಂದು ‘ಹಿ ವುಡ್ ಹ್ಯಾಸ್ ಗಾನ್’ ಎಂಬುದೂ ಇಲ್ಲ. ‘ವುಡ್’ ಬೆನ್ನಿಗೆ ‘ಹ್ಯಾವ್’ ಮಾತ್ರ, ‘ಹ್ಯಾವ್’ ಬೆನ್ನಿಗೆ ಮೂರನೇ ರೂಪ ಮಾತ್ರ: ‘ಗಾನ್’, ‘ವೆಂಟ್’ ಅಲ್ಲ.

ಮೂರು ರೂಪಗಳನ್ನು ಬಾಯಿಪಾಠ ಮಾಡುವುದಕ್ಕೆ ಪರ್ಯಾಯ ದಾರಿಯಿಲ್ಲ. ಪುಣ್ಯಕ್ಕೆ ನಿಯಮ ಮೀರಿದ ಕ್ರಿಯಾಪದಗಳಲ್ಲಿ ದಿನಬಳಕೆಯವು ಸುಮಾರು 200ರ ಒಳಗೇ ಮುಗಿಯುತ್ತವೆ. ‘ಪುಟ್, ಕಟ್, ಹಿಟ್’ ಮೂರೂ ರೂಪಗಳಲ್ಲಿ ಒಂದೇ. ‘ಕಮ್, ಕೇಮ್, ಕಮ್’, ‘ರನ್, ರ‍್ಯಾನ್, ರನ್’ ಇವುಗಳಲ್ಲಿ ಮೊದಲನೆಯದೂ ಮೂರನೆಯದೂ ಒಂದೇ. ಮೋಸಮಾಡುವವು ಜೋಡಿಗಳು: ಮಲಗುವ ‘ಲೈ, ಲೇ, ಲೇನ್’ ಮತ್ತು ಇಡುವ ‘ಲೇ, ಲೇಡ್, ಲೇಡ್’. ಒಂದರ ಭೂತರೂಪವೇ ಇನ್ನೊಂದರ ಮೂಲರೂಪ. ಇಂಗ್ಲಿಷ್ ಮನೆಮಾತಾಗಿ ಇರುವವರೂ ಇಲ್ಲಿ ತಪ್ಪುತ್ತಾರೆ.

‘-ತ್ತಿದ್ದೆ’ ಒಂದೇ, ಇಂಗ್ಲಿಷಿನಲ್ಲಿ ದಾರಿ ಮೂರು

‘ಹೋಗುತ್ತಿದ್ದೆ’ ಎಂಬ ಒಂದು ಕನ್ನಡ ಪದಕ್ಕೆ ಇಂಗ್ಲಿಷಿನಲ್ಲಿ ಮೂರು ಬಾಗಿಲು. ‘ನೀವು ಕರೆದಾಗ ಹೋಗುತ್ತಿದ್ದೆ’ ಎಂದರೆ ಆ ಕ್ಷಣ ನಡೆಯುತ್ತಿದ್ದ ಕೆಲಸ, ‘ವಾಸ್ ಗೋಯಿಂಗ್’. ‘ಚಿಕ್ಕವನಿದ್ದಾಗ ದಿನಾ ಹೋಗುತ್ತಿದ್ದೆ’ ಎಂದರೆ ರೂಢಿ, ‘ಯೂಸ್ಡ್ ಟು ಗೋ’. ‘ಗೊತ್ತಿದ್ದರೆ ಹೋಗುತ್ತಿದ್ದೆ’ ಎಂದರೆ ನಡೆಯದ ಮಾತು, ‘ವುಡ್ ಹ್ಯಾವ್ ಗಾನ್’. "ಇಫ್ ಐ ಹ್ಯಾಡ್ ನೋನ್, ಐ ವಾಸ್ ಗೋಯಿಂಗ್" ಎಂಬ ವಿಚಿತ್ರ ವಾಕ್ಯ ಹುಟ್ಟುವುದು ಮೂರನೆಯದಕ್ಕೆ ಮೊದಲನೆಯ ಬಾಗಿಲು ತಟ್ಟಿದಾಗ.

ರೂಢಿಗೆ ‘ವುಡ್’ ಕೂಡ ಬರುತ್ತದೆ: "ಎವ್ರಿ ಸಂಡೇ ಹಿ ವುಡ್ ವಾಕ್ ಟು ದ ರಿವರ್". ಆದರೆ ಕ್ರಿಯೆಗಳಿಗೆ ಮಾತ್ರ. ಇರುವಿಕೆ, ಒಡೆತನದಂಥ ಸ್ಥಿತಿಗಳಿಗೆ ‘ಯೂಸ್ಡ್ ಟು’ ಬೇಕು: "ಹಿ ಯೂಸ್ಡ್ ಟು ಓನ್ ಎ ಹಾರ್ಸ್". ಇಲ್ಲಿ ‘ವುಡ್ ಓನ್’ ಎಂದರೆ ಕುದುರೆ ಕಲ್ಪನೆಗೆ ಓಡಿಹೋಗುತ್ತದೆ.

‘ಕುಡ್’ ಕೂಡ ಇಂಥದೇ ಬಲೆ. ಹಿಂದೆ ಇದ್ದ ಸಾಮಾನ್ಯ ಸಾಮರ್ಥ್ಯಕ್ಕೆ "ಐ ಕುಡ್ ಸ್ವಿಮ್ ವೆನ್ ಐ ವಾಸ್ ಫೈವ್" ಸರಿ. ಒಂದು ಸಲ ಕಷ್ಟಪಟ್ಟು ಸಾಧಿಸಿದ್ದಕ್ಕೆ ‘ವಾಸ್ ಏಬಲ್ ಟು’ ಅಥವಾ ‘ಮ್ಯಾನೇಜ್ಡ್ ಟು’ ಬೇಕು: "ದ ಲಾಕ್ ವಾಸ್ ರಸ್ಟಿ, ಬಟ್ ಐ ವಾಸ್ ಏಬಲ್ ಟು ಓಪನ್ ಇಟ್". ನಿಷೇಧದಲ್ಲಿ ಈ ಕಟ್ಟು ಇಲ್ಲ, "ಐ ಕುಡಂಟ್ ಓಪನ್ ಇಟ್" ಎರಡಕ್ಕೂ ನಡೆಯುತ್ತದೆ. ಇನ್ನು ‘ಕುಡ್ ಹ್ಯಾವ್ ಓಪನ್ಡ್’ ಎಂದರೆ ಹೆಚ್ಚಿನ ಸಂದರ್ಭಗಳಲ್ಲಿ ತೆರೆಯಬಹುದಿತ್ತು, ತೆರೆಯಲಿಲ್ಲ ಎಂದೇ ಅರ್ಥ.

‘ಇಫ್’ ಇಲ್ಲದೆಯೂ ಇದೇ ಹೆಜ್ಜೆ

"ಐ ವಿಶ್ ಐ ನ್ಯೂ ದ ಆನ್ಸರ್" ಎಂದರೆ ಉತ್ತರ ಈಗ ಗೊತ್ತಿಲ್ಲ. "ಐ ವಿಶ್ ಐ ಹ್ಯಾಡ್ ನೋನ್ ದ ಆನ್ಸರ್" ಎಂದರೆ ಆಗ ಗೊತ್ತಿರಲಿಲ್ಲ. ‘ಇಫ್ ಓನ್ಲಿ’ ಕೂಡ ಹೀಗೆಯೇ ನಡೆಯುತ್ತದೆ. ಇನ್ನೊಬ್ಬರ ನಡವಳಿಕೆ ಬದಲಾಗಲಿ ಎಂಬ ಆಸೆಗೆ ‘ವುಡ್’ ಬರುತ್ತದೆ, ಒಂದಿಷ್ಟು ಬೇಸರವನ್ನೂ ಜೊತೆಗೆ ತರುತ್ತದೆ: "ಐ ವಿಶ್ ಯು ವುಡ್ ಸ್ಟಾಪ್ ಶೌಟಿಂಗ್". ತನ್ನ ಬಗ್ಗೆಯೇ ಹೀಗೆ ಹೇಳುವುದಿಲ್ಲ, ‘ಐ ವಿಶ್ ಐ ಕುಡ್’ ಎನ್ನುತ್ತಾರೆ.

"ಇಟ್ಸ್ ಟೈಮ್ ವಿ ಲೆಫ್ಟ್" ಎಂಬಲ್ಲಿ ಹೊರಟಿಲ್ಲ, ಹೊರಡಬೇಕು. "ಐ ವುಡ್ ರಾದರ್ ಯು ಕೇಮ್ ಟುಮಾರೋ" ಎಂಬಲ್ಲಿ ಬರಬೇಕಾದ್ದು ನಾಳೆ. "ಹಿ ಟಾಕ್ಸ್ ಆ್ಯಸ್ ಇಫ್ ಹಿ ಓನ್ಡ್ ದ ಪ್ಲೇಸ್" ಎಂಬಲ್ಲಿ ಅವನು ಮಾಲೀಕನಲ್ಲ. ಎಲ್ಲೂ ಭೂತಕಾಲದ ಸುಳಿವಿಲ್ಲ.

ಔಪಚಾರಿಕ ಬರಹದಲ್ಲಿ ‘ಇಫ್’ ಬಿಟ್ಟು ಸಹಾಯಕ ಪದವನ್ನು ಮುಂದಕ್ಕೆ ತರುತ್ತಾರೆ: "ಹ್ಯಾಡ್ ಐ ನೋನ್", "ವರ್ ಹಿ ಟು ರಿಸೈನ್", "ಶುಡ್ ಯು ನೀಡ್ ಹೆಲ್ಪ್". ನಿಷೇಧವಾದರೆ "ಹ್ಯಾಡ್ ಐ ನಾಟ್ ನೋನ್" ಎಂದು ‘ನಾಟ್’ ಬಿಡಿಯಾಗಿ ನಿಲ್ಲಬೇಕು. ‘ಹ್ಯಾಡಂಟ್ ಐ ನೋನ್’ ಎಂದರೆ ಕಿವಿಗೆ ಪ್ರಶ್ನೆಯಂತೆ ಕೇಳುತ್ತದೆ. ‘ಅನ್‌ಲೆಸ್’ ತನ್ನೊಳಗೇ ‘ನಾಟ್’ ಇಟ್ಟುಕೊಂಡಿದೆ. ‘ಓದದಿದ್ದರೆ ಪಾಸಾಗುವುದಿಲ್ಲ’ ಎಂಬುದು "ಅನ್‌ಲೆಸ್ ಯು ಸ್ಟಡಿ, ಯು ವೋಂಟ್ ಪಾಸ್". ‘ಅನ್‌ಲೆಸ್ ಯು ಡೋಂಟ್ ಸ್ಟಡಿ’ ಎಂದರೆ ಓದಿದವರೇ ಫೇಲಾಗುತ್ತಾರೆ.

‘ಎಂದು’ ಎಂಬ ಸೌಲಭ್ಯ ಅಲ್ಲಿಲ್ಲ

ಕನ್ನಡದ ‘ಎಂದು’ ಆಡಿದ ಮಾತನ್ನು ಇದ್ದಂತೆಯೇ ಒಳಗೆ ಸೇರಿಸಿಕೊಳ್ಳುತ್ತದೆ: ‘ನಾನು ಬರುತ್ತೇನೆ ಎಂದ’. ಇದನ್ನೇ "ಹಿ ಸೆಡ್ ದಟ್ ಐ ವಿಲ್ ಕಮ್" ಎಂದು ಸಾಗಿಸಿದರೆ ಬರುವವನು ಅವನಲ್ಲ, ವಾಕ್ಯ ಹೇಳುತ್ತಿರುವವನು. "ಹಿ ಸೆಡ್ ದಟ್ ಹಿ ವುಡ್ ಕಮ್" ಎಂದು ವ್ಯಕ್ತಿಯೂ ಕಾಲವೂ ಎರಡೂ ಬದಲಾಗಬೇಕು. ಮಾತು ಈಗಲೂ ನಿಜವಾಗಿದ್ದರೆ ವರ್ತಮಾನ ಉಳಿಯಬಹುದು: "ಶಿ ಸೆಡ್ ಶಿ ಲಿವ್ಸ್ ಅಲೋನ್". ಆಗಲೇ ಎರಡು ಹೆಜ್ಜೆ ಹಿಂದಿರುವ ‘ಹ್ಯಾಡ್ … ವುಡ್ ಹ್ಯಾವ್’ ವಾಕ್ಯಗಳು ಎಲ್ಲಿಗೂ ಸರಿಯುವುದಿಲ್ಲ, ಇದ್ದಲ್ಲೇ ಇರುತ್ತವೆ.

‘ಮಸ್ಟ್’ಗೆ ಹಿಂದೆ ಸರಿಯಲು ಬೇರೆ ರೂಪವೇ ಇಲ್ಲ. ಹಾಗಾಗಿ ಕಡ್ಡಾಯದ ಭೂತಕ್ಕೆ ‘ಹ್ಯಾಡ್ ಟು’ ಬರುತ್ತದೆ: "ಐ ಹ್ಯಾಡ್ ಟು ಲೀವ್ ಅರ್ಲಿ". ‘ಮಸ್ಟ್ ಹ್ಯಾವ್ ಲೆಫ್ಟ್’ ಎಂದರೆ ಹೊರಡಬೇಕಾಯಿತು ಎಂದಲ್ಲ, ಹೊರಟಿರಬೇಕು ಎಂಬ ಊಹೆ.

ಕಿವಿಗೆ ಬೀಳುವ ‘ಡ್’

ಮಾತಿನಲ್ಲಿ ‘ಐ ಹ್ಯಾಡ್’, ‘ಐ ವುಡ್’ ಎರಡೂ ಸವೆದು ‘ಐಡ್’ ಆಗುತ್ತವೆ. ಯಾವುದೆಂದು ತಿಳಿಯಲು ಅದರ ಮುಂದಿನ ಪದ ಹಿಡಿಯಬೇಕು. ಮೂರನೇ ರೂಪ ಕೇಳಿಸಿದರೆ ‘ಹ್ಯಾಡ್’, ಮೂಲರೂಪ ಕೇಳಿಸಿದರೆ ‘ವುಡ್’. ‘ಹೀಡ್ ಗಾನ್’ ಎಂಬುದು ಹೋಗಿದ್ದ, ‘ಹೀಡ್ ಗೋ’ ಎಂಬುದು ಹೋಗುತ್ತಿದ್ದ. ‘ಐಡ್ ಬೆಟರ್’ ಬಂದರೆ ಮಾತ್ರ ಮುಂದೆ ಮೂಲರೂಪವಿದ್ದರೂ ಅದು ‘ಹ್ಯಾಡ್’, ‘ಐಡ್ ರಾದರ್’ ಬಂದರೆ ‘ವುಡ್’. ‘ಕಮ್’, ‘ಪುಟ್’, ‘ರನ್’ಗಳಿಗೆ ಮೂಲರೂಪವೂ ಮೂರನೆಯದೂ ಒಂದೇ ಆದ್ದರಿಂದ ‘ಹೀಡ್ ಕಮ್’ ಎಂಬುದಷ್ಟನ್ನೇ ಕೇಳಿ ಯಾರೂ ತೀರ್ಮಾನಿಸಲಾರರು, ಸುತ್ತಲಿನ ವಾಕ್ಯ ಬೇಕು.

ಸಾದಾ ಭೂತರೂಪದ ಕೊನೆಯ ಧ್ವನಿಯೂ ಹೀಗೆಯೇ ಜಾರುತ್ತದೆ. ‘ಕ್, ಪ್, ಸ್, ಶ್, ಚ್, ಫ್’ ನಂತರ ಅದು ‘ಟ್’: ‘ವಾಕ್ಟ್’, ‘ಸ್ಟಾಪ್ಟ್’. ‘ಟ್’ ಅಥವಾ ‘ಡ್’ ನಂತರ ಮಾತ್ರ ಪೂರ್ತಿ ‘ಇಡ್’: ‘ವಾಂಟಿಡ್’, ‘ನೀಡಿಡ್’. ಉಳಿದೆಡೆ ಬರಿಯ ‘ಡ್’. ‘ವಾಕೆಡ್’ ಎಂದು ಅಕ್ಷರ ನೋಡಿ ಉಚ್ಚರಿಸುವವರಿಗೆ ಬೇರೆಯವರು ‘ವಾಕ್ಟ್ ಟು’ ಎಂದಾಗ ‘ವಾಕ್ ಟು’ ಎಂದೇ ಕೇಳಿಸುತ್ತದೆ, ಏಕೆಂದರೆ ಎರಡು ‘ಟ್’ಗಳು ಒಂದರೊಳಗೊಂದು ಬೆರೆತಿರುತ್ತವೆ. ಅಲ್ಲಿ ಭೂತಕಾಲವನ್ನು ಹಿಡಿದುಕೊಡುವುದು ‘ಯೆಸ್ಟರ್ಡೇ’ಯಂಥ ಪಕ್ಕದ ಪದ, ಇಲ್ಲವೇ ಕರ್ತೃವಿನ ಪದ: ‘ಹಿ ವಾಕ್ ಟು’ ಎಂದು ಕೇಳಿಸಿಯೂ ‘ವಾಕ್ಸ್’ ಎಂಬ ‘ಸ್’ ಕಾಣೆಯಾಗಿದ್ದರೆ ಹೇಳಿದ್ದು ‘ವಾಕ್ಟ್’.